ಪ್ರಾಸ್ಟೇಟ್ ಕ್ಯಾನ್ಸರ್: ಕೋಶದೊಳಗಿನ ಒತ್ತಡ ಗೆಡ್ಡೆಯನ್ನು ಬೆಳೆಸುತ್ತದೋ, ಕೊಲ್ಲುತ್ತದೋ?

ಶಂಕೆ
ಇಆರ್ (ಕೋಶದೊಳಗೆ ಪ್ರೊಟೀನ್ ಮಡಚುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಒತ್ತಡ ಹೆಚ್ಚಾದರೆ ಪ್ರಾಸ್ಟೇಟ್ ಗೆಡ್ಡೆ ಜೋರಾಗುತ್ತದೆ ಎನ್ನುವ ಪ್ರಬಂಧಗಳು ಒಂದಷ್ಟು, ಅದೇ ಒತ್ತಡದಿಂದ ಕೋಶ ಸಾಯುತ್ತದೆ ಎನ್ನುವವು ಇನ್ನೊಂದಷ್ಟು. ಎರಡರಲ್ಲೂ ಎಲ್‌ಎನ್‌ಕ್ಯಾಪ್ ಎಂಬ ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳೇ, ಎರಡರಲ್ಲೂ ಬಿಪ್ (ಇಆರ್‌ನಲ್ಲಿ ಮಡಚಲು ನೆರವಾಗುವ, ಒತ್ತಡದಲ್ಲಿ ಏರುವ ಪ್ರೊಟೀನ್) ಪಟ್ಟಿ ದಪ್ಪಗಾದ ಬ್ಲಾಟೇ (ಪ್ರೊಟೀನ್ ಪ್ರಮಾಣ ತೋರಿಸುವ ಪರೀಕ್ಷೆ). ಬಿಪ್ ಏರಿದರೆ ರೋಗ ಮುಂದುವರಿಯುತ್ತಿದೆ ಅಂತಲೋ, ಕೋಶ ಸೋಲುತ್ತಿದೆ ಅಂತಲೋ? ಆಂಡ್ರೊಜೆನ್ (ಗಂಡು ಹಾರ್ಮೋನ್) ತಡೆ ಚಿಕಿತ್ಸೆಗೂ ಇದಕ್ಕೂ ನಂಟೇನು? ಪ್ರಯೋಗದಲ್ಲಿ ಎಲ್ಲಿ ಎಡವುತ್ತಾರೆ ಅನ್ನುವುದನ್ನೂ ಬಲ್ಲವರು ಹೇಳಿ.

ಲೂಮಿನಲ್
ಬಿಪ್ ಒಂದನ್ನೇ ನೋಡಿ ಎರಡರಲ್ಲಿ ಯಾವುದನ್ನೂ ಹೇಳಲು ಬರುವುದಿಲ್ಲ. ಯಾಕೆ ಅನ್ನುವುದಕ್ಕೆ ಈ ಕೋಶದ ಕಸುಬಿನಿಂದ ಶುರು ಮಾಡಬೇಕು.

ಪ್ರಾಸ್ಟೇಟಿನ ಲೂಮಿನಲ್ ಕೋಶ (ಗ್ರಂಥಿಯ ಒಳಗೋಡೆಯ ಕೋಶ) ಸ್ರವಿಸುವ ಕೋಶ. ಪಿಎಸ್‌ಎ (ರಕ್ತ ಪರೀಕ್ಷೆಯಲ್ಲಿ ಅಳೆಯುವ ಪ್ರಾಸ್ಟೇಟ್ ಪ್ರೊಟೀನ್), ಆಸಿಡ್ ಫಾಸ್ಫಟೇಸ್ ಮುಂತಾದ ಪ್ರೊಟೀನುಗಳನ್ನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನಲ್ಲಿ ಮಡಚಿ, ಸಕ್ಕರೆ ಅಂಟಿಸಿ ಹೊರಗೆ ಕಳಿಸುವುದೇ ಅದರ ಕೆಲಸ. ಈ ಇಡೀ ಕೆಲಸಕ್ಕೆ ಆಜ್ಞೆ ಕೊಡುವುದು ಆಂಡ್ರೊಜೆನ್ ರಿಸೆಪ್ಟರ್ (ಮುಂದೆ ಎಆರ್ ಅನ್ನುತ್ತೇನೆ). ಹಾಗಾಗಿ ಎಆರ್ ಜೋರಾಗಿ ನಡೆಯುವ ಕೋಶದಲ್ಲಿ ಇಆರ್ ಮೇಲಿನ ಹೊರೆ ಸದಾ ಹೆಚ್ಚು. ಅದು ಕಾಯಿಲೆಯ ಲಕ್ಷಣ ಅಲ್ಲ, ವೃತ್ತಿಯ ಭಾರ.

ಮಡಚದ ಪ್ರೊಟೀನು ಗುಡ್ಡೆಯಾದಾಗ ಏಳುವ ಯುಪಿಆರ್ ಎಂಬ ಕೋಶದ ಪ್ರತಿಕ್ರಿಯೆಗೆ ಮೂರು ಕವಲು. ಐಆರ್‌ಇ1 ಎಂಬುದು ಎಕ್ಸ್‌ಬಿಪಿ1 ಆರ್‌ಎನ್‌ಎಯಿಂದ 26 ನ್ಯೂಕ್ಲಿಯೋಟೈಡ್ ಕತ್ತರಿಸಿ ತೆಗೆಯುತ್ತದೆ. ಹೀಗೆ ಹುಟ್ಟುವ ಎಕ್ಸ್‌ಬಿಪಿ1ಎಸ್ ಇಆರ್‌ನ ಸಾಮರ್ಥ್ಯ ಹೆಚ್ಚಿಸುತ್ತದೆ. ಪರ್ಕ್ ಎಂಬುದು ಪ್ರೊಟೀನ್ ತಯಾರಿಕೆ ಶುರುಮಾಡಿಸುವ ಇಐಎಫ್2ಆಲ್ಫಾದ 51ನೇ ಸೆರೀನಿಗೆ ಫಾಸ್ಫೇಟ್ ಹಚ್ಚಿ ಪ್ರೊಟೀನ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಆದರೆ ಆ ಇಳಿತದ ನಡುವೆಯೂ ಎಟಿಎಫ್4 ಮಾತ್ರ ಹೆಚ್ಚಾಗಿ ತಯಾರಾಗುತ್ತದೆ, ಹೊರೆ ಇಳಿಯದಿದ್ದರೆ ಅದರ ಬೆನ್ನಿಗೆ ಕೋಶವನ್ನು ಸಾವಿನತ್ತ ತಳ್ಳುವ ಚಾಪ್ ಬರುತ್ತದೆ. ಎಟಿಎಫ್6 ಗಾಲ್ಜಿಗೆ ಹೋಗಿ ಎರಡು ಕಡೆ ತುಂಡಾಗಿ ನ್ಯೂಕ್ಲಿಯಸ್ಸಿಗೆ ಬರುತ್ತದೆ.

ಈಗ ಮುಖ್ಯ ವಿಷಯ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಕ್ಕೆ ಆಂಡ್ರೊಜೆನ್ ಕೊಟ್ಟರೆ ಈ ಕವಲುಗಳು ಒಟ್ಟಿಗೆ ಏರುವುದಿಲ್ಲ. ಐಆರ್‌ಇ1 ಕವಲು ಏರುತ್ತದೆ, ಪರ್ಕ್ ಕವಲು ಇಳಿಯುತ್ತದೆ. 2015ರಲ್ಲಿ ಪ್ರಕಟವಾದ ಕೆಲಸ ಇದು, ಈ ಗೊಂದಲದ ಅರ್ಧಕ್ಕೆ ಇದೇ ಉತ್ತರ ಎಂದು ನನ್ನ ಲೆಕ್ಕ. ಕೋಶವು ಯುಪಿಆರ್‌ನ ಬದುಕಿಸುವ ತುದಿಯನ್ನು ಇಟ್ಟುಕೊಂಡು ಕೈಕಟ್ಟಿಸುವ ತುದಿಯನ್ನು ತಗ್ಗಿಸಿಕೊಂಡಿದೆ. ಬಿಪ್ ಏರಿದ್ದು ಯಾವ ಕವಲಿನ ದೆಸೆಯಿಂದ ಎಂದು ತಿಳಿಯದೆ 'ಒತ್ತಡ ಹೆಚ್ಚಿದೆ' ಎಂದು ಬರೆದರೆ ಏನನ್ನೂ ಹೇಳಿದಂತಾಗಲಿಲ್ಲ.

ಮಡಿಕೆಗಾರ
ಲೂಮಿನಲ್ ಹೇಳಿದ್ದು ಇಆರ್ ಕಥೆ. ಸೈಟೋಸಾಲಿನಲ್ಲಿ (ಕೋಶದ ದ್ರವದಲ್ಲಿ) ಇನ್ನೊಂದಿದೆ, ಅದು ಎಆರ್‌ನ ಕೊರಳಿಗೇ ಸುತ್ತಿಕೊಂಡದ್ದು. ಹಾರ್ಮೋನು ಕೂರುವ ಮೊದಲು ಎಆರ್ ಎಚ್‌ಎಸ್‌ಪಿ90 ಎಂಬ, ಮಡಚಲು ನೆರವಾಗುವ ಪ್ರೊಟೀನಿನ ಆಸರೆಯಲ್ಲಿ ಇರುತ್ತದೆ. ಎಚ್‌ಎಸ್‌ಪಿ70, ಎಚ್‌ಎಸ್‌ಪಿ40, ಎಫ್‌ಕೆಬಿಪಿ52 ಇವೆಲ್ಲ ಜೊತೆಗಾರರು. ಆ ಆಸರೆ ತಪ್ಪಿದರೆ ಎಆರ್ ಸರಿಯಾಗಿ ಮಡಚಿಕೊಳ್ಳದೆ ಪ್ರೋಟಿಯಾಸೋಮಿಗೆ (ಪ್ರೊಟೀನ್ ಒಡೆಯುವ ಜಾಗಕ್ಕೆ) ಹೋಗುತ್ತದೆ. ಅಂದಮೇಲೆ ಎಚ್‌ಎಸ್‌ಪಿ90 ತಡೆದರೆ ರೋಗ ಬಗ್ಗಬೇಕು, ಅಲ್ಲವೇ? ತಟ್ಟೆಯಲ್ಲಿ ಬಗ್ಗುತ್ತದೆ. ರೋಗಿಗಳಲ್ಲಿ ಬಗ್ಗಲಿಲ್ಲ. ಕ್ಯಾಸ್ಟ್ರೇಶನ್ನಿಗೆ (ಆಂಡ್ರೊಜೆನ್ ತಡೆಗೆ) ಮಣಿಯದ ಹಂತದ ರೋಗಕ್ಕೆ 17-ಎಎಜಿ ಎಂಬ ಎಚ್‌ಎಸ್‌ಪಿ90 ತಡೆ ಔಷಧಿ ಕೊಟ್ಟು ನೋಡಿದರು, ಪಿಎಸ್‌ಎ ಜಗ್ಗಲಿಲ್ಲ.

ಕಾರಣಗಳಲ್ಲಿ ಒಂದು ಎಚ್‌ಎಸ್‌ಎಫ್1, ಕೋಶವನ್ನು ಕಾಯುವ ಪ್ರೊಟೀನುಗಳ ಜೀನುಗಳನ್ನು ಎಬ್ಬಿಸುವಂಥದ್ದು. ಎಚ್‌ಎಸ್‌ಪಿ90 ಅದನ್ನೂ ಹಿಡಿದಿಟ್ಟಿರುತ್ತದೆ. ಔಷಧಿ ಎಚ್‌ಎಸ್‌ಪಿ90ನ್ನು ತಡೆದ ಕೂಡಲೇ ಎಚ್‌ಎಸ್‌ಎಫ್1 ಬಿಡುಗಡೆಯಾಗಿ ಎಚ್‌ಎಸ್‌ಪಿ70, ಎಚ್‌ಎಸ್‌ಪಿ27, ಕ್ಲಸ್ಟರಿನ್ ಎಲ್ಲವನ್ನೂ ಎಬ್ಬಿಸುತ್ತದೆ. ಔಷಧಿ ಕೆಲಸ ಮಾಡಿದೆ ಎಂದು ತೋರಿಸಲು ನಾವು ಬಳಸುವ ಗುರುತೂ (ಎಚ್‌ಎಸ್‌ಪಿ70 ಏರಿಕೆ) ಕೋಶ ತಪ್ಪಿಸಿಕೊಳ್ಳುವ ದಾರಿಯೂ ಒಂದೇ ಆಗಿರುವುದು ಈ ವಿಷಯದ ದೊಡ್ಡ ಕುಚೋದ್ಯ.

ಇನ್ನೊಂದು ಕಾರಣ ಎಆರ್-ವಿ7. ಹಾರ್ಮೋನು ಕೂರುವ ಭಾಗವೇ ಇಲ್ಲದ ತುಂಡು ಎಆರ್ ಅದು. ಎಚ್‌ಎಸ್‌ಪಿ90 ಹಿಡಿಯುವುದು ಮುಖ್ಯವಾಗಿ ಆ ಭಾಗವನ್ನೇ, ಆದ್ದರಿಂದ ವಿ7ಗೆ ಆಸರೆಯ ಹಂಗು ಕಡಿಮೆ. ಒನಲೆಸ್ಪಿಬ್ ಎಂಬ ಮುಂದಿನ ಪೀಳಿಗೆಯ ಔಷಧಿ 22ಆರ್‌ವಿ1 ಕೋಶಗಳಲ್ಲಿ ವಿ7ನ್ನು ಇಳಿಸಿತು ನಿಜ, ಆದರೆ ಅದು ಆರ್‌ಎನ್‌ಎ ಕತ್ತರಿ-ಜೋಡಣೆಯನ್ನು ಕೆಡಿಸುವ ಮೂಲಕ, ಪ್ರೊಟೀನ್ ಬೀಳಿಸಿ ಅಲ್ಲ.

ಬಿಲ್ಲೆ
ಕ್ಲಸ್ಟರಿನ್ ಮಾತು ಬಂತಲ್ಲ, ಅದನ್ನೇ ಗುರಿಯಿಟ್ಟ ಕಸ್ಟಿರ್ಸೆನ್ ಎಂಬ ಆಂಟಿಸೆನ್ಸ್ (ಜೀನಿನ ಆರ್‌ಎನ್‌ಎ ತಡೆಯುವ) ಔಷಧಿಯನ್ನು ಡೋಸಿಟ್ಯಾಕ್ಸೆಲ್ ಕೀಮೋ ಜೊತೆ ಮೂರನೇ ಹಂತದ ಪ್ರಯೋಗದವರೆಗೆ ಒಯ್ದರು. ಒಟ್ಟು ಬದುಕಿನ ಅವಧಿ ಹೆಚ್ಚಲಿಲ್ಲ, ಫಲಿತಾಂಶ 2017ರಲ್ಲಿ ಅಚ್ಚಾಯಿತು. ಎರಡು ಸೋಲಾದ ಮೇಲೂ 'ಒತ್ತಡದ ದಾರಿ ಮುಚ್ಚಿದರೆ ಕ್ಯಾನ್ಸರ್ ಸೋಲುತ್ತದೆ' ಎನ್ನುವುದು ಹಟ ಅನ್ನಿಸುವುದಿಲ್ಲವೇ?

ಲೂಮಿನಲ್
@ಬಿಲ್ಲೆ, ಅಷ್ಟು ಬೇಗ ಷರಾ ಬರೆಯಬೇಡಿ. ಆ ಪ್ರಯೋಗಗಳಲ್ಲಿ ಯಾರ ಗೆಡ್ಡೆ ಯಾವ ಒತ್ತಡದ ಮೇಲೆ ನಿಂತಿದೆ ಎಂದು ವಿಂಗಡಿಸಿ ರೋಗಿಗಳನ್ನು ಆರಿಸಿರಲಿಲ್ಲ. ಈ ವಿಂಗಡಣೆ ಯಾಕೆ ಬೇಕು ಅನ್ನುವುದಕ್ಕೆ ಪಿಟೆನ್ (ಕ್ಯಾನ್ಸರ್ ತಡೆಯುವ ಜೀನ್) ಮತ್ತು ಮಿಕ್ (ಕ್ಯಾನ್ಸರ್ ಬೆಳೆಸುವ ಜೀನ್) ಉದಾಹರಣೆ ಸಾಕು.

ಪಿಟೆನ್ ಕಳೆದುಹೋದರೆ ಪಿಐ3ಕೆ-ಎಂಟಾರ್ ಎಂಬ ಬೆಳವಣಿಗೆಯ ದಾರಿ ತೆರೆದು ಪ್ರೊಟೀನ್ ತಯಾರಿಕೆ ಏರುತ್ತದೆ. ಮಿಕ್ ಹೆಚ್ಚಾದರೂ ಏರುತ್ತದೆ. ಎರಡೂ ಒಟ್ಟಿಗಿದ್ದರೆ ದುಪ್ಪಟ್ಟು ಏರಬೇಕಿತ್ತು. ಇಲಿಗಳಲ್ಲಿ ಕಂಡದ್ದು ತಿರುಗುಮುರುಗು: ಪರ್ಕ್ ಎದ್ದು, ಇಐಎಫ್2ಆಲ್ಫಾಗೆ ಫಾಸ್ಫೇಟ್ ಹತ್ತಿ, ತಯಾರಿಕೆ ತಗ್ಗಿತು. ಗೆಡ್ಡೆ ಮಾತ್ರ ಇನ್ನಷ್ಟು ಉಗ್ರ. ಅಂದರೆ ತಯಾರಿಕೆಯನ್ನು ಬದುಕುವ ಮಟ್ಟಕ್ಕೆ ಇಳಿಸಿಕೊಂಡದ್ದೇ ಆ ಗೆಡ್ಡೆಯ ಬಲ. ಇಸ್ರಿಬ್ ಎಂಬ ಔಷಧಿ ಕೊಟ್ಟು ಆ ಬ್ರೇಕನ್ನು ಬಿಡಿಸಿದಾಗ ಕೋಶಗಳು ತಮ್ಮದೇ ಪ್ರೊಟೀನ್ ಭಾರದಲ್ಲಿ ಸತ್ತವು. 2018ರಲ್ಲಿ ಬಂದ ಈ ಕೆಲಸದಲ್ಲಿ ರೋಗಿಯ ಗೆಡ್ಡೆಯನ್ನು ಇಲಿಗೆ ನೆಟ್ಟು ನೋಡಿದಾಗಲೂ ಬೆಳವಣಿಗೆ ತಗ್ಗಿತ್ತು. ಪಿಟೆನ್ ಮಾತ್ರ ಕಳೆದ ಗೆಡ್ಡೆಗೆ ಇದೇ ಔಷಧಿ ಅಷ್ಟು ತಾಗಲಿಲ್ಲ.

ನನ್ನ ವಾದ ಇಷ್ಟೇ: ಒತ್ತಡದ ಪ್ರಮಾಣಕ್ಕಿಂತ, ಆ ಕೋಶ ಯಾವ ಬ್ರೇಕಿನ ಮೇಲೆ ಕಾಲಿಟ್ಟು ನಿಂತಿದೆ ಅನ್ನುವುದು ಮುಖ್ಯ. ಆಂಡ್ರೊಜೆನ್ ಇರುವಾಗ ಐಆರ್‌ಇ1, ಪಿಟೆನ್-ಮಿಕ್ ಗೆಡ್ಡೆಯಲ್ಲಿ ಪರ್ಕ್, ಅಮೈನೋ ಆಮ್ಲದ ಕೊರತೆಯಿದ್ದರೆ ಜಿಸಿಎನ್2 (ಇಐಎಫ್2ಆಲ್ಫಾಗೇ ಫಾಸ್ಫೇಟ್ ಹಚ್ಚುವ ಇನ್ನೊಂದು ಕಿಣ್ವ). ಈ ಕೊನೆಯದು ಅಮೈನೋ ಆಮ್ಲ ಸಾಗಿಸುವ ಎಸ್‌ಎಲ್‌ಸಿ ಬಾಗಿಲುಗಳನ್ನು ಹೆಚ್ಚಿಸಿ ಪ್ರಾಸ್ಟೇಟ್ ಕ್ಯಾನ್ಸರ್ ಕೋಶವನ್ನು ಸಾಕುತ್ತದೆ ಎಂದು 2022ರಲ್ಲಿ ತೋರಿಸಲಾಗಿದೆ.

ಬಿಲ್ಲೆ
ಒಪ್ಪಿದೆ. ಆದರೆ ಇಸ್ರಿಬ್ ಇನ್ನೂ ಇಲಿಯ ಮಟ್ಟದ ಸಾಕ್ಷ್ಯ, ಅದನ್ನು ಚಿಕಿತ್ಸೆ ಎಂದು ಯಾರೂ ಓದಿಕೊಳ್ಳಬಾರದು.

ಸ್ಲೈಡ್‌ಪೆಟ್ಟಿಗೆ
ಎಲ್ಲರೂ ರೋಗ ಬಲಿತ ಮೇಲಿನ ಮಾತಾಡುತ್ತಿದ್ದೀರಿ. ಶುರುವಿನಲ್ಲಿ ಆಕ್ಸಿಡೇಟಿವ್ ಒತ್ತಡದ (ಆಮ್ಲಜನಕದ ಚುರುಕು ಅಣುಗಳು ಕೊಡುವ ಪೆಟ್ಟಿನ) ಪಾತ್ರ ಇದಕ್ಕಿಂತ ಸ್ಪಷ್ಟ.

ಪ್ರಾಸ್ಟೇಟ್ ಕ್ಯಾನ್ಸರಿನ ಶೇ 90ಕ್ಕೂ ಹೆಚ್ಚು ಗೆಡ್ಡೆಗಳಲ್ಲಿ ಜಿಎಸ್‌ಟಿಪಿ1 ಜೀನಿನ ಪ್ರಮೋಟರ್ ಮೀಥೈಲ್ ಹತ್ತಿ ಮುಚ್ಚಿಹೋಗಿರುತ್ತದೆ. ಗ್ಲುಟಾಥಯೋನನ್ನು ಬಳಸಿ ವಿಷಕಾರಿ ಅಣುಗಳನ್ನು ನಿಷ್ಕ್ರಿಯ ಮಾಡುವ ಕಿಣ್ವ ಅದು. ಹೈ ಗ್ರೇಡ್ ಪಿನ್ ಎಂಬ, ಕ್ಯಾನ್ಸರಿಗೆ ಮುಂಚಿನ ಹಂತದಲ್ಲೇ ಈ ಬದಲಾವಣೆ ಕಾಣುತ್ತದೆ. ಉರಿಯೂತದ ಜಾಗಗಳಲ್ಲಿ, ಅಂದರೆ ಪಿಐಎ ಎಂದು ಕರೆಯುವ ಸೊರಗಿದ ಆದರೆ ವಿಭಜಿಸುತ್ತಿರುವ ಗ್ರಂಥಿಗಳಲ್ಲಿ, ಜಿಎಸ್‌ಟಿಪಿ1 ಮೊದಲು ಏರುತ್ತದೆ, ರಕ್ಷಣೆಗೆ. ಅದನ್ನು ಕಳೆದುಕೊಂಡ ಕೋಶಗಳ ಡಿಎನ್‌ಎಗೆ ಪೆಟ್ಟು ಜಾಸ್ತಿ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಕಾಣದಿದ್ದರೂ ಈ ಮೀಥೈಲೇಶನ್ ಇದೆಯೇ ಎಂದು ನೋಡಿ ಮತ್ತೆ ಬಯಾಪ್ಸಿ ಬೇಕೋ ಬೇಡವೋ ನಿರ್ಧರಿಸುವ ಪರೀಕ್ಷೆಗಳು ಬಳಕೆಯಲ್ಲಿವೆ.

ಸತುವಿನ ವಿಷಯವೂ ಇದೆ. ಆರೋಗ್ಯವಂತ ಲೂಮಿನಲ್ ಕೋಶ ಸತುವನ್ನು ಕೂಡಿಟ್ಟು ಅಕೋನಿಟೇಸ್ ಕಿಣ್ವವನ್ನು ತಡೆದು ಸಿಟ್ರೇಟನ್ನು ಹೊರಗೆ ಬಿಡುತ್ತದೆ. ಕ್ಯಾನ್ಸರ್ ಕೋಶ ಸತು ಕಳೆದುಕೊಂಡು ಸಿಟ್ರೇಟನ್ನು ತಾನೇ ಉರಿಸಿಕೊಳ್ಳುತ್ತದೆ. ಬೇರೆ ಅನೇಕ ಕ್ಯಾನ್ಸರುಗಳು ಗ್ಲೂಕೋಸಿನತ್ತ ವಾಲಿದರೆ ಇದು ಆರಂಭದಲ್ಲಿ ಮೈಟೋಕಾಂಡ್ರಿಯಾದತ್ತ ವಾಲುತ್ತದೆ. ಶುರುವಿನ ಪ್ರಾಸ್ಟೇಟ್ ಗೆಡ್ಡೆ, ಗ್ಲೂಕೋಸ್ ಹೀರುವುದನ್ನು ತೋರಿಸುವ ಎಫ್‌ಡಿಜಿ ಪೆಟ್ ಸ್ಕ್ಯಾನಿನಲ್ಲಿ ಮಂಕಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಓದುಗ_ಬಿ
ಹಾಗಾದರೆ ಆಂಟಿಆಕ್ಸಿಡೆಂಟ್ ಮಾತ್ರೆ ತೆಗೆದುಕೊಂಡರೆ ತಡೆಯಬಹುದಲ್ಲ? ವಿಟಮಿನ್ ಇ, ಸೆಲೆನಿಯಂ?

ಸ್ಲೈಡ್‌ಪೆಟ್ಟಿಗೆ
ಇದೇ ಪ್ರಶ್ನೆಗೆ ಉತ್ತರಿಸಲು ಸೆಲೆಕ್ಟ್ ಪ್ರಯೋಗ ನಡೆಯಿತು. 35,000ಕ್ಕೂ ಹೆಚ್ಚು ಗಂಡಸರು, ದಿನಕ್ಕೆ 400 ಐಯು ವಿಟಮಿನ್ ಇ, 200 ಮೈಕ್ರೋಗ್ರಾಂ ಸೆಲೆನಿಯಂ, ಎರಡೂ, ಅಥವಾ ಎರಡೂ ಇಲ್ಲ. ಲಾಭ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರ ವರದಿಯಲ್ಲಿ ವಿಟಮಿನ್ ಇ ಮಾತ್ರ ತೆಗೆದುಕೊಂಡ ಗುಂಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತು. ಕಡಿಮೆಯಲ್ಲ, ಹೆಚ್ಚು.

ಆಕ್ಸಿಡೇಟಿವ್ ಒತ್ತಡ ಡಿಎನ್‌ಎಯನ್ನೂ ಕೆಡಿಸುತ್ತದೆ, ಕೆಟ್ಟ ಕೋಶವನ್ನೂ ಕೊಲ್ಲುತ್ತದೆ. ಮಾತ್ರೆಗೆ ಎರಡರ ನಡುವೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಂಟಿಆಕ್ಸಿಡೆಂಟ್ ಜೀನುಗಳನ್ನು ಎಬ್ಬಿಸುವ ಎನ್‌ಆರ್‌ಎಫ್2 ಕಥೆಯೂ ಇಂಥದ್ದೇ: ಆರೋಗ್ಯವಂತ ಕೋಶದಲ್ಲಿ ಕಾವಲು, ಗೆಡ್ಡೆಯಲ್ಲಿ ಕೀಮೋ ಮತ್ತು ವಿಕಿರಣಕ್ಕೆ ಗುರಾಣಿ. ರೋಗ ಪತ್ತೆಯಾದವರು ವಿಕಿರಣ ಚಿಕಿತ್ಸೆಯ ನಡುವೆ ಹೆಚ್ಚು ಪ್ರಮಾಣದ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು.

ಐಸೊಸೆಂಟರ್
ವಿಕಿರಣದ ಮಾತು ಬಂದದ್ದರಿಂದ ಹೈಪಾಕ್ಸಿಯಾ (ಆಮ್ಲಜನಕದ ಕೊರತೆ) ಬಗ್ಗೆ ನಾಲ್ಕು ಸಾಲು. ಆಮ್ಲಜನಕ ಚೆನ್ನಾಗಿರುವ ಕೋಶಕ್ಕೆ ಹೋಲಿಸಿದರೆ ತೀರಾ ಇಲ್ಲದ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕು. ವಿಕಿರಣ ಹುಟ್ಟಿಸಿದ ಡಿಎನ್‌ಎ ಪೆಟ್ಟನ್ನು ಕಾಯಂ ಮಾಡುವುದು ಆಮ್ಲಜನಕ. ಜೊತೆಗೆ, ಆಮ್ಲಜನಕ ಇರುವಾಗ ಒಡೆದುಹೋಗುವ ಹಿಫ್-1ಆಲ್ಫಾ ಪ್ರೊಟೀನ್ ಇಲ್ಲಿ ಉಳಿದುಕೊಂಡು ರಕ್ತನಾಳ, ಗ್ಲೈಕಾಲಿಸಿಸ್, ಹರಡುವಿಕೆ ಎಲ್ಲದರ ಜೀನುಗಳನ್ನು ಎಬ್ಬಿಸುತ್ತದೆ. ರೋಗಿಗಳ ಗೆಡ್ಡೆಯಲ್ಲಿ ಎಲೆಕ್ಟ್ರೋಡ್ ಇಟ್ಟು ಅಳೆದಾಗ ಆಂಡ್ರೊಜೆನ್ ತಡೆಯ ನಂತರ ಹೈಪಾಕ್ಸಿಯಾ ಕಡಿಮೆಯಾದದ್ದು 2007ರಲ್ಲೇ ವರದಿಯಾಗಿದೆ. ಹಾರ್ಮೋನ್ ತಡೆ ಮತ್ತು ವಿಕಿರಣ ಜೋಡಿಯಾಗಿ ಚೆನ್ನಾಗಿ ನಡೆಯುವುದಕ್ಕೆ ಇದೊಂದು ವಿವರಣೆ. ಎಆರ್ ತಗ್ಗಿದಾಗ ಡಿಎನ್‌ಎ ದುರಸ್ತಿ ಜೀನುಗಳೂ ತಗ್ಗುವುದು ಇನ್ನೊಂದು.

ಬೆಂಚ್‌ಮೂಲೆ
@ಶಂಕೆ ಕೇಳಿದ ಕೊನೆಯ ಪ್ರಶ್ನೆಗೆ ಯಾರೂ ಕೈಹಾಕಲಿಲ್ಲ. ತಟ್ಟೆಯ ಮಟ್ಟದಲ್ಲಿ ಇದು ಎಲ್ಲಿ ಕೆಡುತ್ತದೆ ಅನ್ನುವುದು ಇಲ್ಲಿದೆ, ಸ್ವಲ್ಪ ಉದ್ದ.

ಮೊದಲು ಕೋಶದ ಆಯ್ಕೆ. ಎಲ್‌ಎನ್‌ಕ್ಯಾಪ್: ಎಆರ್ ಇದೆ, ಪಿಟೆನ್ ಇಲ್ಲ, ಪಿ53 (ಕ್ಯಾನ್ಸರ್ ತಡೆಯುವ ಇನ್ನೊಂದು ಜೀನ್) ಸರಿಯಿದೆ, ಜಿಎಸ್‌ಟಿಪಿ1 ಮುಚ್ಚಿದೆ. ಪಿಸಿ-3: ಎಆರ್ ಇಲ್ಲ, ಪಿಟೆನ್ ಇಲ್ಲ, ಪಿ53 ಇಲ್ಲ. ಡಿಯು145: ಎಆರ್ ಇಲ್ಲ, ಪಿಟೆನ್ ಇದೆ. ಡಿಯು145ರಲ್ಲಿ ಎಟಿಜಿ5 ಪ್ರೊಟೀನ್ ಇಲ್ಲದ್ದರಿಂದ ಮಾಮೂಲಿ ಆಟೋಫೇಜಿಯೇ (ಕೋಶ ತನ್ನ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವುದು) ನಡೆಯುವುದಿಲ್ಲ. ಆಟೋಫೇಜಿಯ ಗುರುತಾದ ಎಲ್‌ಸಿ3-2 ಪಟ್ಟಿ ಬರಲಿಲ್ಲ ಎಂದು ಆಂಟಿಬಾಡಿಯನ್ನು ಬೈಯಬೇಡಿ. ಅದೇ ಕೋಶದಲ್ಲಿ ಎನ್‌ಆರ್‌ಎಫ್2ನ್ನು ತಡೆಹಿಡಿಯುವ ಕೀಪ್1 ಕೂಡ ಸೊರಗಿರುವುದರಿಂದ ಎನ್‌ಆರ್‌ಎಫ್2 ಮೊದಲೇ ಎದ್ದಿರುತ್ತದೆ. ಈ ಮೂರನ್ನೂ ಸಾಲಾಗಿ ಇಟ್ಟು 'ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಲ್ಲಿ ಒತ್ತಡ' ಎಂದು ಒಂದೇ ತೀರ್ಮಾನ ಬರೆದರೆ ಅದಕ್ಕೆ ಅರ್ಥವಿಲ್ಲ.

ಆಂಡ್ರೊಜೆನ್ ಇಲ್ಲದ ಸ್ಥಿತಿ ಬೇಕಿದ್ದರೆ ಚಾರ್ಕೋಲಿನಲ್ಲಿ ಸೋಸಿದ ಸೀರಮ್, ಫೀನಾಲ್ ರೆಡ್ (ಆಮ್ಲೀಯವಾದರೆ ಹಳದಿಯಾಗುವ ಬಣ್ಣ) ಇಲ್ಲದ ಆರ್‌ಪಿಎಂಐ ಮೀಡಿಯಂ, 48ರಿಂದ 72 ಗಂಟೆ. ಫೀನಾಲ್ ರೆಡ್‌ಗೆ ಸಣ್ಣ ಈಸ್ಟ್ರೊಜೆನ್ ಗುಣವಿದೆ ಎಂಬುದು ಗೊತ್ತಿರುವ ವಿಷಯ. ಎಲ್‌ಎನ್‌ಕ್ಯಾಪಿನ ಎಆರ್ ಟಿ878ಎ ರೂಪಾಂತರ ಹೊಂದಿರುವುದರಿಂದ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್‌ಗೂ ಏಳುತ್ತದೆ. ಆಮೇಲೆ ಒಂದು ಭಾಗಕ್ಕೆ ಆರ್1881 (ಕೃತಕ ಆಂಡ್ರೊಜೆನ್) 1 ನ್ಯಾನೋಮೋಲಾರ್, ಇನ್ನೊಂದಕ್ಕೆ ಎನ್ಜಲುಟಮೈಡ್ (ಎಆರ್ ತಡೆ ಔಷಧಿ) 10 ಮೈಕ್ರೋಮೋಲಾರ್, ಮೂರನೆಯದಕ್ಕೆ ಬರೀ ಡಿಎಂಎಸ್‌ಒ ದ್ರಾವಕ, ಶೇ 0.1 ದಾಟದಂತೆ. ಎಲ್‌ಎನ್‌ಕ್ಯಾಪ್ ತಟ್ಟೆಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಪಾಲಿ-ಲೈಸಿನ್ ಹಚ್ಚಿದ ತಟ್ಟೆ ಒಳ್ಳೆಯದು. ತೊಳೆಯುವಾಗ ಪಿಬಿಎಸ್ ಉಪ್ಪುದ್ರಾವಣ ನೇರ ಸುರಿದರೆ ಕೋಶಗಳು ಎದ್ದುಹೋಗಿ, ಉಳಿದದ್ದು ಗಟ್ಟಿ ಅಂಟಿದ ಕೋಶಗಳ ಉತ್ತರ ಮಾತ್ರ.

ನಿಯಂತ್ರಣಕ್ಕೆ, ಅಂದರೆ ಇಆರ್ ಒತ್ತಡ ಖಂಡಿತ ಏರುವ ತಟ್ಟೆಗೆ, ಥಾಪ್ಸಿಗಾರ್ಗಿನ್ 100ರಿಂದ 300 ನ್ಯಾನೋಮೋಲಾರ್ ಅಥವಾ ಟ್ಯೂನಿಕಾಮೈಸಿನ್ (ಪ್ರೊಟೀನಿಗೆ ಸಕ್ಕರೆ ಅಂಟುವುದನ್ನು ತಡೆಯುವಂಥದ್ದು) ಮಿಲಿಲೀಟರಿಗೆ 1ರಿಂದ 5 ಮೈಕ್ರೋಗ್ರಾಂ. ಒಂದೇ ಹೊತ್ತಿನಲ್ಲಿ ಕೋಶ ಒಡೆಯಬೇಡಿ. ಫಾಸ್ಫೋ ಇಐಎಫ್2ಆಲ್ಫಾ ಮೊದಲ ಗಂಟೆಯೊಳಗೇ ಏರಿ ಇಳಿಯತೊಡಗುತ್ತದೆ, ಎಟಿಎಫ್4 ಕೆಲವು ಗಂಟೆಗೆ, ಚಾಪ್ ಮತ್ತು ಬಿಪ್ ಇನ್ನೂ ತಡ. ಹಾಗಾಗಿ 1, 4, 8, 16, 24 ಗಂಟೆ. 24ರಲ್ಲಿ ಮಾತ್ರ ನೋಡಿ 'ಪರ್ಕ್ ಕವಲು ಏಳಲಿಲ್ಲ' ಎಂದು ಬರೆದಿರುವುದನ್ನು ಎಷ್ಟೋ ಕಡೆ ಕಾಣಬಹುದು. ಅದು ಎದ್ದು ಮಲಗಿಯಾಗಿರುತ್ತದೆ, ಗ್ಯಾಡ್34 ಆ ಫಾಸ್ಫೇಟನ್ನು ಕಳಚಿಹಾಕಿರುತ್ತದೆ.

ಎಕ್ಸ್‌ಬಿಪಿ1ಗೆ ಆರ್‌ಟಿ-ಪಿಸಿಆರ್ ಮಾಡಿ ಶೇ 2.5ರಿಂದ 3ರ ಅಗರೋಸಿನಲ್ಲಿ ಓಡಿಸಿ. 26 ನ್ಯೂಕ್ಲಿಯೋಟೈಡ್ ವ್ಯತ್ಯಾಸ ಶೇ 1ರ ಜೆಲ್ಲಿನಲ್ಲಿ ಕಾಣದು. ಮೇಲೆ ಮೂರನೇ ಪಟ್ಟಿ ಬಂದರೆ ಗಾಬರಿ ಬೇಡ, ಕತ್ತರಿಸಿದ ಮತ್ತು ಕತ್ತರಿಸದ ಎಳೆಗಳು ಜೋಡಿಯಾದ ಹೈಬ್ರಿಡ್ ಅದು. ಪಿಎಸ್‌ಟಿ1 ಕಿಣ್ವ ಹಾಕಿದರೆ ಕತ್ತರಿಸದ ರೂಪ ಮಾತ್ರ ತುಂಡಾಗುತ್ತದೆ, ಲೆಕ್ಕ ಸುಲಭ.

ಅತಿ ಹೆಚ್ಚು ಕಾಡುವ ತಪ್ಪು ಬೇರೆಯೇ ಇದೆ: ಮೀಡಿಯಂ ಹಳದಿಯಾಗುವವರೆಗೆ ಬಿಟ್ಟ ತಟ್ಟೆ. ಬಿಪ್‌ಗೆ ಜಿಆರ್‌ಪಿ78 ಎಂಬ ಹೆಸರೂ ಇದೆ, ಗ್ಲೂಕೋಸ್ ಕಡಿಮೆಯಾದಾಗ ಏರುವ ಪ್ರೊಟೀನ್ ಎಂದೇ ಅದು ಮೊದಲು ಪತ್ತೆಯಾದದ್ದು. ತುಂಬಿ ತುಳುಕುವ ತಟ್ಟೆಯಲ್ಲಿ ಔಷಧಿ ಇಲ್ಲದ ಕೋಶದ ಬಿಪ್ ಕೂಡ ಏರಿರುತ್ತದೆ. ಇಲ್ಲೇ ಒಂದು ತಿರುವು: ಆರ್1881 ಹಾಕಿದ ತಟ್ಟೆ ವೇಗವಾಗಿ ಬೆಳೆದು ಬೇಗ ಸಕ್ಕರೆ ಖಾಲಿ ಮಾಡುತ್ತದೆ. ಹಾಗೆ ಏರಿದ ಬಿಪ್ಪನ್ನು ಎಆರ್‌ನ ಕೆಲಸ ಎಂದು ಓದಿಬಿಡುತ್ತಾರೆ. ಸಾಂದ್ರತೆ ಶೇ 60-70 ದಾಟುವ ಮುನ್ನ ಮುಗಿಸಿ, ಮೀಡಿಯಂ 24 ಗಂಟೆಗೊಮ್ಮೆ ಎಲ್ಲ ತಟ್ಟೆಗೂ ಒಟ್ಟಿಗೆ ಬದಲಿಸಿ. ಫೀನಾಲ್ ರೆಡ್ ಇಲ್ಲದ ಮೀಡಿಯಂ ಬಣ್ಣ ಬದಲಿಸಿ ಎಚ್ಚರಿಸುವುದೂ ಇಲ್ಲ ಎನ್ನುವುದು ನೆನಪಿರಲಿ.

ಶಂಕೆ
ಪಿಎಸ್‌ಎ ಇಳಿದರೆ ಎಆರ್ ತಗ್ಗಿತು ಎನ್ನಬಹುದೇ? ಟ್ಯೂನಿಕಾಮೈಸಿನ್ ಹಾಕಿದಾಗ ಇಳಿಯುತ್ತದೆ ಎಂದು ಓದಿದೆ.

ಬೆಂಚ್‌ಮೂಲೆ
ಅನ್ನಬಾರದು. ಪಿಎಸ್‌ಎ ತಾನೇ ಸಕ್ಕರೆ ಹತ್ತುವ, ಸ್ರವಿಸಲ್ಪಡುವ ಪ್ರೊಟೀನ್. ಇಆರ್ ಕೆಟ್ಟರೆ ಎಆರ್ ಗಟ್ಟಿಯಾಗಿದ್ದರೂ ಮೀಡಿಯಮ್ಮಿನಲ್ಲಿ ಪಿಎಸ್‌ಎ ಇಳಿಯುತ್ತದೆ. ಕೆಎಲ್‌ಕೆ3 (ಪಿಎಸ್‌ಎಯ ಜೀನ್) ಆರ್‌ಎನ್‌ಎ ಜೊತೆಗೆ ಎಆರ್ ಎಬ್ಬಿಸುವ ಎಫ್‌ಕೆಬಿಪಿ5, ಟಿಎಂಪಿಆರ್‌ಎಸ್‌ಎಸ್2 ಅಳೆಯಿರಿ. ಅದರ ಮೇಲೂ ಎಆರ್ ಪ್ರೊಟೀನ್ ಬ್ಲಾಟ್ ಬೇಕು. ಹಾರ್ಮೋನ್ ಇಲ್ಲದ ಎಆರ್‌ನ ಆಯಸ್ಸು ಕೆಲವೇ ಗಂಟೆ. ಇಐಎಫ್2ಆಲ್ಫಾ ದಾರಿ ತಯಾರಿಕೆ ತಗ್ಗಿಸಿದರೆ ಎಆರ್ ಬೇಗ ಬೀಳುವ ಪ್ರೊಟೀನುಗಳಲ್ಲಿ ಒಂದು.

ಹೈಪಾಕ್ಸಿಯಾ ಪ್ರಯೋಗ ಮಾಡುವವರಿಗೂ ಒಂದು ಮಾತು. ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಹಿಫ್-1ಆಲ್ಫಾ ಮಾಯ. ಲೈಸಿಸ್ ಬಫರನ್ನು ಚೇಂಬರಿನೊಳಗೇ ಹಾಕಿ. ಮೀಡಿಯಂ ಮತ್ತು ಪ್ಲಾಸ್ಟಿಕ್ ಎರಡೂ ಆಮ್ಲಜನಕ ಹಿಡಿದಿಟ್ಟುಕೊಳ್ಳುವುದರಿಂದ ಹಿಂದಿನ ರಾತ್ರಿಯೇ ಒಳಗಿಡಿ. ಕೋಬಾಲ್ಟ್ ಕ್ಲೋರೈಡ್ ಹಿಫ್ಫನ್ನು ಏರಿಸುತ್ತದೆ, ಆದರೆ ಮೈಟೋಕಾಂಡ್ರಿಯಾಗೆ ಆಮ್ಲಜನಕ ಸಿಗುತ್ತಲೇ ಇರುತ್ತದೆ. ಅದನ್ನು ಹೈಪಾಕ್ಸಿಯಾ ಎಂದು ಕರೆಯಬೇಡಿ.

ಓದುಗ_ಬಿ
ಇದೆಲ್ಲ ಕೋಶದೊಳಗಿನದ್ದಾಯಿತು. ಮನಸ್ಸಿನ ಚಿಂತೆಯಿಂದ ಈ ಕ್ಯಾನ್ಸರ್ ಹೆಚ್ಚುತ್ತದೆಯೇ? ಮನೆಯವರೆಲ್ಲ ಕೇಳುವುದು ಅದನ್ನೇ.

ಸ್ಲೈಡ್‌ಪೆಟ್ಟಿಗೆ
ಚಿಂತೆಯಿಂದ ಕ್ಯಾನ್ಸರ್ ಬಂತು ಎಂದು ರೋಗಿಯ ಮೇಲೆ ಹೊರಿಸುವಷ್ಟು ಪುರಾವೆ ಇಲ್ಲ. ನರಗಳ ಪಾತ್ರಕ್ಕೆ ಇಲಿಗಳಲ್ಲಿ ಗಟ್ಟಿ ಸಾಕ್ಷ್ಯವಿದೆ: 2013ರ ಕೆಲಸದಲ್ಲಿ ಸಿಂಪಥೆಟಿಕ್ (ಚಿಂತೆ, ಗಾಬರಿಗೆ ಏಳುವ) ನರಗಳನ್ನು ಕಡಿದಾಗ ಗೆಡ್ಡೆ ಬೇರೂರುವುದು ತಗ್ಗಿತು, ಪ್ಯಾರಾಸಿಂಪಥೆಟಿಕ್ ಸಂಕೇತವನ್ನು ತಡೆದಾಗ ಹರಡುವುದು ತಗ್ಗಿತು. ಸಿಂಪಥೆಟಿಕ್ ಸಂಕೇತ ತಡೆಯುವ ಬೀಟಾ ಬ್ಲಾಕರ್ ತೆಗೆದುಕೊಳ್ಳುತ್ತಿದ್ದ ಗಂಡಸರ ಅವಲೋಕನ ಅಧ್ಯಯನಗಳು ಒಂದೊಂದು ಒಂದೊಂದು ಥರ ಹೇಳುತ್ತವೆ. ಅದನ್ನು ನಂಬಿ ಮಾತ್ರೆ ಶುರು ಮಾಡುವಂತಿಲ್ಲ.

ಮಡಿಕೆಗಾರ
ಒತ್ತಡ ಇಳಿಸುವುದನ್ನೇ ಎಲ್ಲರೂ ಕೇಳುತ್ತಿದ್ದೀರಿ. ಬೇಕೆಂದೇ ಏರಿಸುವ ಪ್ರಯತ್ನಗಳೂ ಇವೆ. ಥಾಪ್ಸಿಗಾರ್ಗಿನ್ನಿಗೆ ಒಂದು ಬಾಲ ಜೋಡಿಸಿ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶದ ಮೇಲಿರುವ ಪಿಎಸ್‌ಎಂಎ ಕಿಣ್ವ ಆ ಬಾಲ ಕತ್ತರಿಸಿದ ಜಾಗದಲ್ಲಿ ಮಾತ್ರ ವಿಷವಾಗುವಂತೆ ಮಾಡಿದ್ದು ಮಿಪ್ಸಗಾರ್ಗಿನ್. ಮೊದಲ ಹಂತದ ಪ್ರಯೋಗ ಆಯಿತು, ವಾಡಿಕೆಯ ಚಿಕಿತ್ಸೆಯಾಗಿ ನಿಲ್ಲಲಿಲ್ಲ.

ಇದಕ್ಕಿಂತ ಕುತೂಹಲದ್ದು ಬೈಪೋಲಾರ್ ಆಂಡ್ರೊಜೆನ್ ಥೆರಪಿ. ಹಾರ್ಮೋನ್ ತಡೆ ಮುಂದುವರಿಸಿಕೊಂಡೇ 28 ದಿನಕ್ಕೊಮ್ಮೆ 400 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಸಿಪಿಯೋನೇಟ್ ಚುಚ್ಚುತ್ತಾರೆ. ಆಂಡ್ರೊಜೆನ್ ಇಲ್ಲದೆ ಬದುಕಲು ಎಆರ್ ವಿಪರೀತ ಹೆಚ್ಚಿಸಿಕೊಂಡ ಕೋಶಕ್ಕೆ ಹಠಾತ್ತನೆ ಹಾರ್ಮೋನು ಸುರಿದರೆ ಟೋಪೋಐಸೋಮರೇಸ್ 2ಬಿ ಎಂಬ ಕಿಣ್ವದ ಮೂಲಕ ಡಿಎನ್‌ಎಯ ಎರಡೂ ಎಳೆ ತುಂಡಾಗುತ್ತವೆ. ಅಬಿರಾಟೆರೋನ್ (ಆಂಡ್ರೊಜೆನ್ ತಯಾರಿಕೆ ತಡೆಯುವ ಔಷಧಿ) ನಂತರದ ರೋಗಿಗಳಲ್ಲಿ ಇದನ್ನು ಎನ್ಜಲುಟಮೈಡಿಗೆ ಹೋಲಿಸಿದ ಟ್ರಾನ್ಸ್‌ಫಾರ್ಮರ್ ಪ್ರಯೋಗದಲ್ಲಿ (2021) ರೋಗ ಮುಂದುವರಿಯದೆ ಇದ್ದ ಮಧ್ಯಾಂಕ ಅವಧಿ ಎರಡೂ ಕಡೆ 5.7 ತಿಂಗಳು.

ಓದುಗ_ಬಿ
ಅಂದರೆ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡರೆ ಒಳ್ಳೆಯದೇ?

ಐಸೊಸೆಂಟರ್
ಖಂಡಿತ ಅಲ್ಲ. ಅದು ಪ್ರಯೋಗದ ಚೌಕಟ್ಟಿನೊಳಗೆ, ಆಯ್ದ ರೋಗಿಗಳಿಗೆ, ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆಯ ಕಣ್ಗಾವಲಿನಲ್ಲಿ ಮಾಡುವಂಥದ್ದು. ಮೂಳೆಗೆ ಹರಡಿ ನೋವಿರುವವರಿಗೆ ಕೊಟ್ಟರೆ ನೋವು ಭುಗಿಲೇಳಬಹುದು, ಬೆನ್ನುಹುರಿ ಒತ್ತುವ ಜಾಗದಲ್ಲಿ ಗೆಡ್ಡೆ ಇದ್ದರೆ ಕಾಲಿನ ಬಲವೇ ಹೋಗಬಹುದು. ಅಂಥವರನ್ನು ಮೊದಲೇ ಹೊರಗಿಡುತ್ತಾರೆ.